ಪ್ರಶ್ನೆ ಬಿಡದ ಮರ್ಫಿ ಬ್ರೌನ್

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1988ರ ನವೆಂಬರ್ 14ರಂದು ಆರಂಭವಾಗಿ, 1998ರ ಮೇ ತಿಂಗಳವರೆಗೆ ಹತ್ತು ಸೀಸನ್‌ಗಳಲ್ಲಿ 247 ಕಂತುಗಳಾಗಿ ಪ್ರಸಾರವಾದ ‘ಮರ್ಫಿ ಬ್ರೌನ್’ ಎಂಬ ಹಾಸ್ಯ ಧಾರಾವಾಹಿಯನ್ನು ಕುರಿತು ಇಂದು ಮಾತನಾಡುತ್ತೇನೆ. ಕಿರುತೆರೆಯ ಹಾಸ್ಯ ಧಾರಾವಾಹಿಗಳು ಬಂದ ಹಾಗೆಯೇ ಮರೆತೂ ಹೋಗುತ್ತವೆ. ಆದರೆ ದೇಶದ ಉಪಾಧ್ಯಕ್ಷರೊಬ್ಬರು ಸಾರ್ವಜನಿಕ ವೇದಿಕೆಯಲ್ಲಿ ನಿಂತು, ಒಂದು ಕಾಲ್ಪನಿಕ ಪಾತ್ರದ ಹೆಸರು ಹಿಡಿದು ಟೀಕಿಸುವಂತಾದದ್ದು ಈ ಧಾರಾವಾಹಿಯ ವಿಶೇಷ. ಅದು ಹೇಗಾಯಿತು ಎಂದು ತಿಳಿಯಬೇಕಾದರೆ, ಮೊದಲು ಆ ಪಾತ್ರದ ಪರಿಚಯ ಮಾಡಿಕೊಳ್ಳಬೇಕು.

ಮರ್ಫಿ ಬ್ರೌನ್ ವಾಷಿಂಗ್ಟನ್ ನಗರದ ‘ಎಫ್‌ವೈಐ’ ಎಂಬ ಕಾಲ್ಪನಿಕ ವಾರ್ತಾ ಕಾರ್ಯಕ್ರಮದ ಹೆಸರಾಂತ ಪತ್ರಕರ್ತೆ. ಮೊದಲ ಕಂತಿನಲ್ಲಿ ನಾವು ಅವಳನ್ನು ನೋಡುವಾಗ ಅವಳಿಗೆ ನಲವತ್ತು ತುಂಬಿದೆ. ಕುಡಿತ ಮತ್ತು ಸಿಗರೇಟು ಎರಡನ್ನೂ ಬಿಡಲು ಬೆಟ್ಟಿ ಫೋರ್ಡ್ ಚಿಕಿತ್ಸಾ ಕೇಂದ್ರದಲ್ಲಿ ಒಂದು ತಿಂಗಳು ಕಳೆದು ಕಚೇರಿಗೆ ಮರಳಿದ್ದಾಳೆ. ಬಂದು ನೋಡಿದರೆ, ಕಾರ್ಯಕ್ರಮದ ಹೊಣೆ ಮೈಲ್ಸ್ ಸಿಲ್ವರ್‌ಬರ್ಗ್ ಎಂಬ ಇಪ್ಪತ್ತೈದರ ಹುಡುಗನ ಕೈ ಸೇರಿದೆ. ಈ ಪಾತ್ರವನ್ನು ಸೃಷ್ಟಿಸಿದ ಡಯಾನ್ ಇಂಗ್ಲಿಷ್ ಅವರಿಗೆ ವಾಹಿನಿಯ ಅಧಿಕಾರಿಗಳು, ನಾಯಕಿಗೆ ಮೂವತ್ತು ವರ್ಷವಿರಲಿ, ಅವಳು ಚಿಕಿತ್ಸೆಗೆ ಬದಲು ದಣಿವಾರಿಸಿಕೊಳ್ಳಲು ಎಲ್ಲಿಗೋ ಹೋಗಿ ಬಂದಂತಿರಲಿ ಎಂದು ಸಲಹೆ ಕೊಟ್ಟಿದ್ದರಂತೆ. ಡಯಾನ್ ಒಪ್ಪಲಿಲ್ಲ. ಆ ವರ್ಷ ಅಮೆರಿಕದ ಚಿತ್ರಕಥೆಗಾರರ ಮುಷ್ಕರವೂ ನಡೆದಿದ್ದರಿಂದ, ತಿದ್ದಲು ಅವಕಾಶವಿಲ್ಲದೆ ಅವರ ಮೊದಲ ಕರಡೇ ಚಿತ್ರೀಕರಣಕ್ಕೆ ಹೋಯಿತು. ಪಾತ್ರದ ಒರಟುತನ ಹಾಗೇ ಉಳಿದುಕೊಂಡದ್ದರಲ್ಲಿ ಈ ಆಕಸ್ಮಿಕದ ಪಾಲೂ ಇದೆಯೆಂದು ನನಗನಿಸುತ್ತದೆ.

ಸುದ್ದಿಮನೆಯಲ್ಲಿ ದುಡಿಯುವ ಹೆಣ್ಣು ಅಮೆರಿಕದ ಕಿರುತೆರೆಗೆ ಹೊಸಬಳೇನೂ ಆಗಿರಲಿಲ್ಲ. 1970ರಿಂದ 1977ರವರೆಗೆ ಇದೇ ವಾಹಿನಿಯಲ್ಲಿ ಬಂದ ‘ಮೇರಿ ಟೈಲರ್ ಮೂರ್ ಷೋ’ದ ಮೇರಿ ರಿಚರ್ಡ್ಸ್ ಮಿನಿಯಾಪೊಲಿಸ್ ನಗರದ ವಾರ್ತಾ ವಿಭಾಗದಲ್ಲಿ ದುಡಿಯುತ್ತಿದ್ದಳು, ಎಲ್ಲರೂ ಮೆಚ್ಚುವ, ಯಾರ ಮನಸ್ಸನ್ನೂ ನೋಯಿಸಲು ಹಿಂಜರಿಯುವ ಹೆಣ್ಣುಮಗಳು ಅವಳು. ಮರ್ಫಿಗೆ ಈ ಹಿಂಜರಿಕೆ ಇಲ್ಲ. ಅವಳು ಮಾತಿನ ನಡುವೆ ಬಾಯಿ ಹಾಕುತ್ತಾಳೆ, ಕೂಗಾಡುತ್ತಾಳೆ, ತಪ್ಪು ಮಾಡಿದರೂ ಸುಲಭಕ್ಕೆ ಒಪ್ಪಿಕೊಳ್ಳುವುದಿಲ್ಲ. ಅವಳ ಬಳಿ ಕಾರ್ಯದರ್ಶಿಯಾಗಿ ಬಂದವರು ನಿಲ್ಲುವುದೇ ಇಲ್ಲ. ಧಾರಾವಾಹಿಯುದ್ದಕ್ಕೂ ತೊಂಬತ್ತಕ್ಕೂ ಹೆಚ್ಚು ಮಂದಿ ಆ ಮೇಜಿಗೆ ಬಂದು ಹೋಗುತ್ತಾರೆ.

ಆದರೆ ನಾನು ಇಲ್ಲಿ ಒತ್ತಿ ಹೇಳಬೇಕಾದದ್ದು ಒಂದಿದೆ. ಗಂಡು ವರದಿಗಾರನಲ್ಲಿ ಛಲವೆಂದು ಹೊಗಳಿಸಿಕೊಳ್ಳುವ ಗುಣವೇ ಹೆಣ್ಣಿನಲ್ಲಿ ಕಂಡಾಗ ಹಟಮಾರಿತನವೆನಿಸುವುದು ಲೋಕರೂಢಿ. ಈ ಧಾರಾವಾಹಿ ಆ ರೂಢಿಗೆ ತಲೆಬಾಗಲಿಲ್ಲ. ಮರ್ಫಿಯ ಹಟ ತಿದ್ದಬೇಕಾದ ಸ್ವಭಾವದೋಷವಲ್ಲ, ಅದು ಅವಳ ವೃತ್ತಿಯ ಬಂಡವಾಳ ಎಂಬ ನಿಲುವಿನಿಂದ ಅದು ಕದಲಲಿಲ್ಲ. ಅವಳನ್ನು ನೋಡಿ ನಾವು ನಗುತ್ತೇವೆ, ನಿಜ. ಆದರೆ ಅವಳು ಅಧಿಕಾರಸ್ಥನೊಬ್ಬನ ಎದುರು ಕುಳಿತು ಉತ್ತರ ಬರುವ ತನಕ ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವಾಗ, ನಗು ಆ ಅಧಿಕಾರಸ್ಥನ ಕಡೆಗೆ ತಿರುಗುತ್ತದೆ.

ಸುತ್ತಲಿನ ಪಾತ್ರಗಳೂ ಈ ನಿಲುವಿಗೆ ಇಂಬು ಕೊಡುವಂಥವೇ. ಗಂಭೀರವದನದ ಹಿರಿಯ ವಾರ್ತಾವಾಚಕ ಜಿಮ್ ಡಯಲ್, ತನಿಖಾ ವರದಿಗಾರ ಫ್ರಾಂಕ್ ಫಾಂಟಾನಾ, ಮಿಸ್ ಅಮೆರಿಕ ಕಿರೀಟ ತೊಟ್ಟು ಸುದ್ದಿಮನೆಗೆ ಬಂದ ಕೋರ್ಕಿ ಶೆರ್‌ವುಡ್, ಮನೆಗೆ ಬಣ್ಣ ಬಳಿಯಲು ಬಂದವನು ವರ್ಷಗಟ್ಟಲೆ ಕೆಲಸ ಮುಗಿಸದೆ ಅಲ್ಲಿಯೇ ಉಳಿದುಬಿಡುವ ಎಲ್ಡಿನ್. ಈ ಎಲ್ಡಿನ್ ನನಗೆ ಬಹಳ ಪ್ರಿಯ. ಮರ್ಫಿಗೆ ಎದುರಾಡಲು ಅಂಜದವನು ಅವನು. ಮುಂದೆ ಅವಳ ಮಗುವನ್ನು ನೋಡಿಕೊಳ್ಳುವವನೂ ಅವನೇ.

ಮರ್ಫಿಯ ಪಾತ್ರ ವಹಿಸಿದ ಕ್ಯಾಂಡಿಸ್ ಬರ್ಗನ್ ಅವರಿಗೂ ಬಾನುಲಿಗೂ ಒಂದು ನಂಟಿದೆ. ಅವರ ತಂದೆ ಎಡ್ಗರ್ ಬರ್ಗನ್ ಗೊಂಬೆಯನ್ನು ಮಾತನಾಡಿಸುವ ಕಲಾವಿದರು. ತುಟಿ ಅಲುಗುವುದು ಕಾಣದ ರೇಡಿಯೊದಲ್ಲಿಯೇ ಚಾರ್ಲಿ ಮೆಕಾರ್ತಿ ಎಂಬ ಗೊಂಬೆಯೊಂದಿಗೆ ಮಾತುಕತೆ ನಡೆಸಿ ದೇಶದಾದ್ಯಂತ ಮನೆಮಾತಾಗಿದ್ದವರು. ಮಾತನ್ನು ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಎಂಬ ಹದ ಮಗಳಿಗೆ ಮನೆಯಿಂದಲೇ ಬಂದಿರಬೇಕು. ಈ ಪಾತ್ರಕ್ಕಾಗಿ ಐದು ಬಾರಿ ಕಿರುತೆರೆಯ ಎಮ್ಮಿ ಪ್ರಶಸ್ತಿ ಪಡೆದ ಮೇಲೆ, ಇನ್ನು ತಮ್ಮ ಹೆಸರನ್ನು ಪರಿಗಣಿಸಬೇಡಿರೆಂದು ಅವರೇ ಹಿಂದೆ ಸರಿದರು.

ಈಗ 1992ಕ್ಕೆ ಬರೋಣ. ನಾಲ್ಕನೆಯ ಸೀಸನ್‌ನಲ್ಲಿ ಮರ್ಫಿ ಗರ್ಭಿಣಿಯಾಗುತ್ತಾಳೆ. ಮಗುವಿನ ತಂದೆ ಅವಳ ಮಾಜಿ ಪತಿ ಜೇಕ್. ತನ್ನ ಹೋರಾಟದ ಬದುಕನ್ನು ಬಿಟ್ಟು ಸಂಸಾರ ಹೂಡಲು ಅವನು ಸಿದ್ಧನಿಲ್ಲ. ಬಹಳ ಯೋಚಿಸಿ, ಅಳುಕುತ್ತಲೇ, ಮಗುವನ್ನು ತಾನೊಬ್ಬಳೇ ಬೆಳೆಸಲು ಅವಳು ನಿರ್ಧರಿಸುತ್ತಾಳೆ. ಮೇ 18ರಂದು ಹೆರಿಗೆಯ ಕಂತು ಪ್ರಸಾರವಾಯಿತು. ಆ ಕಂತಿನ ಕೊನೆಯಲ್ಲಿ, ಯಾರ ಮುಂದೆಯೂ ಸೋಲದ ಈ ಹೆಂಗಸು ಹಸುಗೂಸನ್ನು ಎತ್ತಿಕೊಂಡು, ತನಗೆ ಪ್ರಿಯವಾದ, ಗಾಯಕಿ ಅರೀತಾ ಫ್ರಾಂಕ್ಲಿನ್ ಅವರ ಹಾಡೊಂದನ್ನು ತನ್ನ ಅಪಸ್ವರದ ಕಂಠದಲ್ಲಿ ಹಾಡುತ್ತಾಳೆ. ಅಲ್ಲಿಯವರೆಗೆ ಅವಳ ಅಪಸ್ವರ ನಗಿಸಲು ಬಳಸುತ್ತಿದ್ದ ಸಂಗತಿಯಾಗಿತ್ತು. ಇಲ್ಲಿ ಯಾರಿಗೂ ನಗು ಬರುವುದಿಲ್ಲ.

ಮರುದಿನವೇ, ಮೇ 19ರಂದು, ಉಪಾಧ್ಯಕ್ಷ ಡ್ಯಾನ್ ಕ್ವೇಲ್ ಸ್ಯಾನ್ ಫ್ರಾನ್ಸಿಸ್ಕೊ ನಗರದ ಕಾಮನ್‌ವೆಲ್ತ್ ಕ್ಲಬ್‌ನಲ್ಲಿ ಭಾಷಣ ಮಾಡಿದರು. ರಾಡ್ನಿ ಕಿಂಗ್ ಎಂಬ ಕಪ್ಪು ವರ್ಣೀಯನನ್ನು ಥಳಿಸಿದ ಪ್ರಕರಣದಲ್ಲಿ ಪೊಲೀಸರು ದೋಷಮುಕ್ತರಾದ ತರುವಾಯ ಲಾಸ್ ಏಂಜಲೀಸ್ ಹೊತ್ತಿ ಉರಿದು ಕೆಲವೇ ವಾರಗಳಾಗಿದ್ದವು. ಆ ದಂಗೆಯ ಬೇರನ್ನು ಉಪಾಧ್ಯಕ್ಷರು ಕುಟುಂಬಮೌಲ್ಯಗಳ ಕುಸಿತದಲ್ಲಿ ಕಂಡರು. ಬುದ್ಧಿವಂತಳೂ ಒಳ್ಳೆಯ ಸಂಬಳದ ವೃತ್ತಿಪರಳೂ ಆದ ಮರ್ಫಿ ಬ್ರೌನ್ ಒಬ್ಬಳೇ ಮಗು ಹೆತ್ತು, ಅದನ್ನು ಜೀವನಶೈಲಿಯ ಇನ್ನೊಂದು ಆಯ್ಕೆಯೆಂದು ಕರೆದು, ತಂದೆಯ ಮಹತ್ವವನ್ನೇ ಅಣಕಿಸುತ್ತಿದ್ದಾಳೆ ಎಂದರು. ಬಡತನ, ವರ್ಣಭೇದ, ಪೊಲೀಸ್ ದೌರ್ಜನ್ಯಗಳ ಚರ್ಚೆ ನಡೆಯಬೇಕಾಗಿದ್ದ ಹೊತ್ತಿನಲ್ಲಿ ದೇಶದ ಪತ್ರಿಕೆಗಳ ಮುಖಪುಟವನ್ನು ಒಂದು ಕಾಲ್ಪನಿಕ ಬಾಣಂತಿ ಆಕ್ರಮಿಸಿದಳು. ಇದು ವಿಷಾದದ ಸಂಗತಿ ಎಂದೇ ನಾನು ಭಾವಿಸುತ್ತೇನೆ. ಡಯಾನ್ ಇಂಗ್ಲಿಷ್ ಕೊಟ್ಟ ಉತ್ತರ ಖಡಾಖಂಡಿತವಾಗಿತ್ತು: ಮದುವೆಯಾಗದ ಹೆಣ್ಣು ತಾಯಿಯಾಗುವುದು ನಾಚಿಕೆಗೇಡು ಎಂದು ಉಪಾಧ್ಯಕ್ಷರು ನಂಬುವುದಾದರೆ, ಗರ್ಭಪಾತ ಸುರಕ್ಷಿತವಾಗಿಯೂ ಕಾನೂನುಬದ್ಧವಾಗಿಯೂ ಉಳಿಯುವಂತೆ ಅವರೇ ನೋಡಿಕೊಳ್ಳಲಿ ಎಂದರು ಅವರು.

ಮರ್ಫಿಯ ಉತ್ತರಕ್ಕೆ ಜನ ಸೆಪ್ಟೆಂಬರ್ 21ರವರೆಗೆ ಕಾಯಬೇಕಾಯಿತು. ಆ ಕಂತಿನಲ್ಲಿ ಧಾರಾವಾಹಿಯವರು ಕ್ವೇಲ್ ಅವರ ನಿಜವಾದ ಭಾಷಣದ ತುಣುಕನ್ನೇ ತೋರಿಸಿದರು. ನಿದ್ದೆಗೆಟ್ಟು, ತಲೆಗೂದಲು ಕೆದರಿ, ಅಳುವ ಕೂಸನ್ನು ಸಮಾಧಾನಪಡಿಸಲಾರದೆ ಸೋತು ಕುಳಿತ ಮರ್ಫಿ ಟೀವಿಯಲ್ಲಿ ತನ್ನ ಹೆಸರು ಕೇಳಿ ಬೆಚ್ಚುತ್ತಾಳೆ. ನನ್ನ ಈ ಅವತಾರದಲ್ಲಿ ಯಾವ ಬೆಡಗು ಕಾಣುತ್ತದೆ ಎಂದು ಫ್ರಾಂಕ್‌ನನ್ನು ಕೇಳುತ್ತಾಳೆ. ಆಮೇಲೆ ತನ್ನ ಕಾರ್ಯಕ್ರಮದ ಕುರ್ಚಿಯಲ್ಲಿ ಕುಳಿತು, ಕುಟುಂಬಗಳು ನಾನಾ ಬಗೆಯಲ್ಲಿರುತ್ತವೆ ಎಂದು ಹೇಳಿ, ಒಂಟಿ ತಂದೆತಾಯಿಯರನ್ನೂ ಅವರ ಮಕ್ಕಳನ್ನೂ ವೀಕ್ಷಕರಿಗೆ ಪರಿಚಯಿಸುತ್ತಾಳೆ. ತೆರೆಯ ಮೇಲೆ ಬಂದು ನಿಂತವರು ನಟರಲ್ಲ, ನಿಜವಾದ ಕುಟುಂಬಗಳು. ಮನಸ್ಸು ನೊಂದ ತಾಯಿಯಾಗಿ ಗೋಳಾಡುವುದಕ್ಕೆ ಬದಲು, ಪತ್ರಕರ್ತೆ ಮಾಡಬೇಕಾದ ಕೆಲಸವನ್ನೇ ಅವಳು ಮಾಡಿದಳು: ಮಾತಿಗೆ ಎದುರಾಗಿ ಮನುಷ್ಯರನ್ನು ತಂದು ನಿಲ್ಲಿಸಿದಳು. ಕೊನೆಯಲ್ಲಿ ಉಪಾಧ್ಯಕ್ಷರ ಮನೆಯ ಮುಂದೆ ಲಾರಿಗಟ್ಟಲೆ ಆಲೂಗಡ್ಡೆ ಸುರಿಸುವ ತಮಾಷೆಯೂ ಇದೆ. ಆ ಜೂನ್‌ನಲ್ಲಿ ಕ್ವೇಲ್ ಶಾಲಾಬಾಲಕನೊಬ್ಬ ಸರಿಯಾಗಿ ಬರೆದಿದ್ದ, ಆಲೂಗಡ್ಡೆಗಿರುವ ಇಂಗ್ಲಿಷ್ ಪದದ ಕಾಗುಣಿತವನ್ನು ತಪ್ಪಾಗಿ ತಿದ್ದಿಸಿದ್ದರು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಕ್ಯಾಂಡಿಸ್ ಬರ್ಗನ್ ಅವರೇ ಎಷ್ಟೋ ವರ್ಷಗಳ ನಂತರ, ಆ ಭಾಷಣದಲ್ಲಿ ತೂಕವಿತ್ತೆಂದೂ ತಂದೆಯನ್ನು ಕಡೆಗಣಿಸಲಾಗದು ಎಂಬುದು ತಮಗೂ ಒಪ್ಪಿಗೆಯೆಂದೂ ಹೇಳಿದರು. ಇದರಿಂದ ಧಾರಾವಾಹಿಯ ಉತ್ತರ ಸುಳ್ಳಾಗುವುದಿಲ್ಲ. ಮರ್ಫಿ ತಂದೆ ಬೇಡವೆಂದು ಸಾರಿದವಳಲ್ಲ, ತಂದೆಯಿಲ್ಲದೆ ಉಳಿದವಳು.

ಕೊನೆಯ ಸೀಸನ್ ಮರ್ಫಿಗೆ ಸ್ತನ ಕ್ಯಾನ್ಸರ್ ಬಂದ ಕಥೆಗೆ ಮೀಸಲಾಯಿತು. ಚಿಕಿತ್ಸೆಯ ವಾಕರಿಕೆ ತಗ್ಗಿಸಲು ಅವಳಿಗಾಗಿ ಗಾಂಜಾ ತರುವವನು ನಿಯಮ ಮೀರದ ಜಿಮ್ ಡಯಲ್! ಮಾದಕವಸ್ತು ನಿಯಂತ್ರಣ ಇಲಾಖೆಯ ಮುಖ್ಯಸ್ಥರು ಇದನ್ನೂ ಬಹಿರಂಗವಾಗಿ ಆಕ್ಷೇಪಿಸಿದರು. ಮುಕ್ತಾಯದ ಕಂತಿನಲ್ಲಿ ಶಸ್ತ್ರಚಿಕಿತ್ಸೆಯ ಅರಿವಳಿಕೆಯ ಮಂಪರಿನಲ್ಲಿ ಮರ್ಫಿಗೆ ದೇವರೇ ಸಂದರ್ಶನಕ್ಕೆ ಸಿಗುತ್ತಾನೆ, ಅಲ್ಲಿಯೂ ಅವಳು ಪ್ರಶ್ನೆ ಕೇಳುವುದನ್ನು ಬಿಡುವುದಿಲ್ಲ.

2018ರಲ್ಲಿ ಧಾರಾವಾಹಿ 13 ಕಂತುಗಳಿಗಾಗಿ ಮರಳಿ ಬಂತು; ಮಗ ಏವರಿ ಬೆಳೆದು ಎದುರಾಳಿ ವಾಹಿನಿಯಲ್ಲಿ ಪತ್ರಕರ್ತನಾಗಿದ್ದ. ಹಳೆಯ ಕಸುವು ಅದರಲ್ಲಿ ಇರಲಿಲ್ಲ; ದಿನದ ಸುದ್ದಿಗೆ ಪ್ರತಿಕ್ರಿಯಿಸುವ ಆತುರದಲ್ಲಿ ಪಾತ್ರಗಳು ಸೊರಗಿದವು. ಹಳೆಯ ಹತ್ತು ಸೀಸನ್‌ಗಳನ್ನಾದರೂ ನೋಡೋಣವೆಂದರೆ, 2005ರಲ್ಲಿ ಮೊದಲ ಸೀಸನ್ ಮಾತ್ರ ಡಿವಿಡಿಯಾಗಿ ಬಂತು. ಕಂತುಗಳ ತುಂಬ ಹೆಣೆದಿದ್ದ ಮೋಟೌನ್ ಎಂಬ ಧ್ವನಿಮುದ್ರಣ ಸಂಸ್ಥೆಯ ಕಾಲದ ಹಾಡುಗಳ ಹಕ್ಕಿಗೆ ತೆರಬೇಕಾದ ಹಣವೇ ಉಳಿದವುಗಳಿಗೆ ಅಡ್ಡಿಯಾಯಿತೆಂದು ಹೇಳುತ್ತಾರೆ. ಹೆರಿಗೆಯ ಕಂತು, ಆಲೂಗಡ್ಡೆಯ ಕಂತು, ಕ್ಯಾನ್ಸರಿನ ಇಡೀ ಸೀಸನ್, ಇವು ಯಾವುವೂ ಆ ಒಂದು ಡಿವಿಡಿಯಲ್ಲಿಲ್ಲ.

ನಮಸ್ಕಾರ.