ಬೋರ್ಡ್ ಇಲ್ಲದ ಬಸ್ಸು

(ವಿಶ್ವ ಸೋರಿಯಾಸಿಸ್ ದಿನವಾದ ಅಕ್ಟೋಬರ್ 29ರಂದು ಕೊಪ್ಪಳದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ಶರಣು.

ನನಗಿಂತ ಮೊದಲು ಮಾತಾಡಿದ ಡಾಕ್ಟರು ಸೋರಿಯಾಸಿಸ್ ಎಂಬ ಈ ಚರ್ಮರೋಗದ ಚಿತ್ರಗಳನ್ನು ಪರದೆ ಮೇಲೆ ತೋರಿಸಿದ್ದಾರೆ. ಅದನ್ನೇ ನಾನು ಮತ್ತೆ ಹೇಳುವುದಿಲ್ಲ. ಅವರು ತೋರಿಸಿದ್ದು ನನ್ನ ಮೈಮೇಲೆ 27 ವರ್ಷದಿಂದ ಇದೆ. ಇಲ್ಲಿ ಕೂತವರಲ್ಲಿ ಎಷ್ಟೋ ಮಂದಿ ಈ ಸೆಕೆಯಲ್ಲೂ ತುಂಬುತೋಳಿನ ಅಂಗಿ ಹಾಕಿಕೊಂಡು ಬಂದಿದ್ದೀರಿ. ತಾಯಂದಿರು ಸೆರಗನ್ನು ಮುಂಗೈವರೆಗೂ ಎಳೆದುಕೊಂಡು ಕೂತಿದ್ದೀರಿ. ಯಾಕೆಂದು ನನಗೆ ಗೊತ್ತು. ನಾನೂ ಬಹಳ ವರ್ಷ ಹಾಗೇ ಇದ್ದೆ. ಇವತ್ತು ಬೇಕಂತಲೇ ಅರ್ಧತೋಳಿನ ಅಂಗಿ ಹಾಕಿಕೊಂಡು ಬಂದಿದ್ದೇನೆ.

ನಾನು ಬಸ್ ಕಂಡಕ್ಟರ್ ಆಗಿದ್ದವನು. ಕೊಪ್ಪಳ, ಗಂಗಾವತಿ, ಸಿಂಧನೂರು, ರಾಯಚೂರು ನನ್ನ ರೂಟು. ಕಂಡಕ್ಟರನ ಕೆಲಸವೆಂದರೆ ದಿನಕ್ಕೆ ನೂರಾರು ಸಲ ಒಬ್ಬರ ಕೈಯಿಂದ ದುಡ್ಡು ಇಸಿದುಕೊಂಡು ಅವರ ಕೈಗೆ ಟಿಕೆಟ್ಟು, ಚಿಲ್ಲರೆ ಇಡುವುದು. ನನಗೆ ರೋಗ ಮೊದಲು ಕಾಣಿಸಿದ್ದು ಮೊಣಕೈಯಲ್ಲಿ, ಆಮೇಲೆ ತಲೆಯಲ್ಲಿ, ಆಮೇಲೆ ಅಂಗೈ ಮತ್ತು ಹೆಬ್ಬೆರಳಲ್ಲಿ. ಹೆಬ್ಬೆರಳು ಸೀಳಿ ರಕ್ತ ಬರುತ್ತಿತ್ತು. ಒಂದು ದಿನ ಕಾರಟಗಿಯಲ್ಲಿ ಹತ್ತಿದ ಒಬ್ಬ ಹೆಣ್ಣುಮಗಳು ನನ್ನ ಕೈ ನೋಡಿ, "ಅಣ್ಣಾ, ಚಿಲ್ಲರೆ ಅಲ್ಲೇ ಸೀಟಿನ ಮ್ಯಾಲೆ ಇಡು" ಅಂದಳು. ಬಗಲಲ್ಲಿ ಕೂಸಿತ್ತು. ಅವಳ ಮೇಲೆ ನನಗೆ ಸಿಟ್ಟಿಲ್ಲ, ಕೂಸಿನ ತಾಯಿ ಅಂಜುತ್ತಾಳೆ. ಆದರೆ ಅವತ್ತು ಅವಳಿಗೆ ಹೇಳಬೇಕಾಗಿದ್ದ ಮಾತು ನನ್ನ ಬಾಯಿಗೆ ಬರಲಿಲ್ಲ. ಅದನ್ನು ಇವತ್ತು ಹೇಳುತ್ತೇನೆ: ತಂಗಿ, ಇದು ಅಂಟುವುದಿಲ್ಲ. ಮುಟ್ಟಿದರೂ ಇಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಇಲ್ಲ, ಒಂದೇ ಹಾಸಿಗೆಯಲ್ಲಿ ಮಲಗಿದರೂ ಇಲ್ಲ. ಇದು ಕಜ್ಜಿ ಅಲ್ಲ, ಗಜಕರ್ಣ ಅಲ್ಲ, ಕುಷ್ಠ ಅಲ್ಲ. ನನ್ನ ಮನೆಯಾಕೆ ದಿನಾ ಬೆಳಗ್ಗೆ ಹಾಸಿಗೆಯಿಂದ ನನ್ನ ಮೈಯ ಹೊಟ್ಟು ಝಾಡಿಸಿ, ನೆಲ ಗುಡಿಸುತ್ತಾ ಬಂದವಳು. ಆಕೆಯ ಮೈಮೇಲೆ ಒಂದು ಚುಕ್ಕೆಯೂ ಇಲ್ಲ.

ರೋಗ ಯಾವುದು ಅಂದರೆ, ನಮ್ಮನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ತಪ್ಪು ತಿಳಿದು ಚರ್ಮಕ್ಕೆ ಅವಸರ ಮಾಡುವುದು. ಬೇರೆಯವರ ಚರ್ಮದಲ್ಲಿ ಕೆಳಗೆ ಹುಟ್ಟಿದ ಕಣ ಮೇಲೆ ಬಂದು ಉದುರಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ನಮ್ಮ ಕಲೆಗಳಲ್ಲಿ ಮೂರರಿಂದ ಐದು ದಿನ. ಬಲಿಯುವ ಮೊದಲೇ ಮೇಲೆ ಬಂದು ಒಂದರ ಮೇಲೊಂದು ಕೂಡುತ್ತದೆ, ಬೆಳ್ಳಿ ಬಣ್ಣದ ಪದರಾಗುತ್ತದೆ. ಅಷ್ಟೇ. ಯಾರ ಶಾಪವೂ ಅಲ್ಲ, ನಾಗದೋಷವೂ ಅಲ್ಲ, ಬದನೆಕಾಯಿ ತಿಂದದ್ದರಿಂದಲೂ ಅಲ್ಲ.

ಹೆಗಲ ವಿಷಯ ಒಂದು ಹೇಳಿಬಿಡುತ್ತೇನೆ. ನನ್ನ ಎಡ ಹೆಗಲಿಂದ ಎದೆಯ ಮೇಲೆ ಓರೆಯಾಗಿ ಒಂದು ಪಟ್ಟಿ ಇತ್ತು, ಗೀಟು ಎಳೆದ ಹಾಗೆ. ಎಷ್ಟೋ ವರ್ಷ ಅದೇನೆಂದು ತಿಳಿಯಲಿಲ್ಲ. ಅದು ನನ್ನ ಚರ್ಮದ ಹಣದ ಚೀಲದ ಪಟ್ಟಿ ಉಜ್ಜುತ್ತಿದ್ದ ದಾರಿ. ಈ ರೋಗ ಇರುವವರಿಗೆ ಗಾಯವಾದಲ್ಲಿ, ಕೆರೆದಲ್ಲಿ, ಉಜ್ಜಿದಲ್ಲಿ ಹೊಸ ಕಲೆ ಏಳಬಹುದು. ಇದನ್ನು ಗುರುತಿಸಿ ಹೇಳಿದವರು ಕೋಬ್ನರ್ ಎಂಬ ಜರ್ಮನಿಯ ವೈದ್ಯರು, 1872ರಲ್ಲೇ. ನಾನು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿ, ಅಡಿಯಲ್ಲಿ ಮೆತ್ತಗಿನ ಅರಿವೆ ಮಡಚಿ ಇಟ್ಟುಕೊಂಡೆ. ಆ ಪಟ್ಟಿ ಮೆಲ್ಲಗೆ ಮಾಸಿತು. ತುರಿಕೆ ಎದ್ದಾಗ ಉಗುರು ಹಾಕಬೇಡಿ ಅಂತ ಡಾಕ್ಟರು ಹೇಳುವುದು ಇದಕ್ಕೇ. ನಿಮ್ಮಲ್ಲಿ ಮೂಟೆ ಹೊರುವವರು, ಕುಡಗೋಲು ಹಿಡಿಯುವವರು, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರು ಇದ್ದರೆ ನಿಮ್ಮ ಕಲೆ ಎಲ್ಲಿ ಎದ್ದಿದೆ, ನಿಮ್ಮ ಕೆಲಸ ಎಲ್ಲಿ ಉಜ್ಜುತ್ತದೆ ಎಂದು ಒಮ್ಮೆ ನೋಡಿಕೊಳ್ಳಿ.

ಈಗ ನಾನು ಬಂದ ಕೆಲಸಕ್ಕೆ ಬರುತ್ತೇನೆ.

ಬಸ್ಸಿನಲ್ಲಿ ನನಗೆ ಔಷಧಿ ಹೇಳದ ಪ್ರಯಾಣಿಕನಿಲ್ಲ. ಕೊಪ್ಪಳ ಬಿಟ್ಟಾಗ ಬೇವಿನ ಕಷಾಯ, ಗಿಣಿಗೇರಿಗೆ ಬರುವಷ್ಟರಲ್ಲಿ ಗೋಮೂತ್ರ, ಹುಲಿಗಿ ಕ್ರಾಸಿನಲ್ಲಿ ಅಮ್ಮನ ಹರಕೆ, ಗಂಗಾವತಿ ಮುಟ್ಟುವಾಗ ಯಾರದೋ ಮಾವನಿಗೆ ಗುಣ ಮಾಡಿದ ಎಣ್ಣೆ. ಅವರ ಪ್ರೀತಿ ದೊಡ್ಡದು, ಈಗಲೂ ನೆನೆಯುತ್ತೇನೆ. ಅಂಥ ಪ್ರೀತಿಯಿಂದಲೇ ನನ್ನ ಜೊತೆಗಿನ ಡ್ರೈವರ್ ಒಂದು ದಿನ ನನ್ನನ್ನು ಒಂದೂರಿಗೆ ಕರೆದುಕೊಂಡು ಹೋದರು. ಆ ಊರಿನ ಹೆಸರು, ಔಷಧಿ ಕೊಟ್ಟವರ ಹೆಸರು ಹೇಳುವುದಿಲ್ಲ. ಮನೆ ಮುಂದೆ ಮುಂಜಾನೆ ನಾಲ್ಕಕ್ಕೇ ಜನರ ಪಾಳಿ. ಮೈ ನೋಡಲಿಲ್ಲ, ಬಿಪಿ ಕೇಳಲಿಲ್ಲ, ಸಕ್ಕರೆ ಕೇಳಲಿಲ್ಲ. ಪೇಪರಿನಲ್ಲಿ ಕಟ್ಟಿದ ಬೂದು ಪುಡಿ, ದಿನಕ್ಕೆ ಎರಡು ಪೊಟ್ಟಣ. "ಏನ್ರಿ ಇದು?" ಅಂದೆ. "ಗಿಡಮೂಲಿಕೆ, ಹೆಸರು ಹೇಳಿದ್ರ ಗುಣ ಹೋಗ್ತದ" ಅಂದರು.

ಎಂಟೇ ದಿನ. ನಿಮ್ಮಾಣೆ, ಮೈ ಬಿಳಿ ಹಾಳೆಯಂತಾಯಿತು. ಮೊಣಕೈ ನುಣ್ಣಗೆ, ಹೆಬ್ಬೆರಳು ಕೂಡಿತು. ಹನ್ನೊಂದು ವರ್ಷದ ಮೇಲೆ ಮೊದಲ ಸಲ ಕನ್ನಡಿ ಮುಂದೆ ಅಂಗಿ ಬಿಚ್ಚಿ ನಿಂತೆ. ಮನೆಯಾಕೆ ಅತ್ತಳು. ಗವಿಮಠದ ಜಾತ್ರೆ ಬಂತು, ಪ್ರತಿ ವರ್ಷ ಆ ಚಳಿಗಾಳಿಗೆ ಮೈ ಒಡೆದು ಜಾತ್ರೆ ಸ್ಪೆಷಲ್ ಬಸ್ಸಿನಲ್ಲಿ ನರಳುತ್ತಿದ್ದವನು ಆ ವರ್ಷ ಹಾಡಿಕೊಂಡು ಡ್ಯೂಟಿ ಮಾಡಿದೆ. ಇಡೀ ಡಿಪೋಕ್ಕೆ ಹೇಳಿದೆ. ನನ್ನ ಮಾತು ಕೇಳಿ ಇನ್ನೂ ನಾಲ್ವರು ಅಲ್ಲಿಗೆ ಹೋದರು. ಆ ನಾಲ್ವರ ಋಣ ನನ್ನ ಮೇಲಿದೆ, ಅದಕ್ಕೇ ಇಲ್ಲಿ ನಿಂತಿದ್ದೇನೆ.

ಮೂರು ತಿಂಗಳಲ್ಲಿ ಮುಖ ಗುಂಡಗೆ ಊದಿತು. ಹಸಿವು ತಡೆಯಲಾಗದಷ್ಟು. ಮನೆಮಂದಿ ಮೈ ಹತ್ತಿತು ಅಂತ ಸಂತೋಷಪಟ್ಟರು. ಏಪ್ರಿಲ್‌ನಲ್ಲಿ ಪುಡಿ ಮುಗಿಯಿತು, ಪುಡಿ ಕೊಟ್ಟವರು ಊರಲ್ಲಿರಲಿಲ್ಲ, ನಾನು ಸುಮ್ಮನಾದೆ. ಹತ್ತನೆಯ ದಿನ ತಲೆಯಿಂದ ಪಾದದವರೆಗೆ ಮೈಯೆಲ್ಲಾ ಕೆಂಪು. ಕಲೆಗಳಲ್ಲ, ಪೂರ್ತಿ ಮೈ. ನಮ್ಮ ಭಾಗದ ಏಪ್ರಿಲ್ ಬಿಸಿಲು ನಿಮಗೆ ಹೇಳಬೇಕಿಲ್ಲ. ಆ ಬಿಸಿಲಲ್ಲಿ ನಾನು ಎರಡು ಕಂಬಳಿ ಹೊದ್ದು ನಡುಗುತ್ತಿದ್ದೆ. ಚರ್ಮ ಕೆಟ್ಟರೆ ಮೈ ಕಾವನ್ನು ಹಿಡಿಯಲಾರದು, ನೀರನ್ನೂ ಹಿಡಿಯಲಾರದು. ಕಾಲು ಊದಿದವು. 19 ದಿನ ಆಸ್ಪತ್ರೆಯಲ್ಲಿದ್ದೆ. ಅಲ್ಲಿನ ಡಾಕ್ಟರಮ್ಮ ಉಳಿದಿದ್ದ ಒಂದು ಪೊಟ್ಟಣ ನೋಡಿ, ನನ್ನ ಮುಖ ನೋಡಿ, ಸಕ್ಕರೆ ಪರೀಕ್ಷೆಯ ಚೀಟಿ ನೋಡಿ, "ಇದರಾಗ ಸ್ಟೀರಾಯ್ಡ್ ಕಲಸಿರಬೇಕ್ರಿ ಅಣ್ಣಾವರ" ಅಂದರು. ನುಂಗುವ ಸ್ಟೀರಾಯ್ಡ್ ಸೋರಿಯಾಸಿಸ್ಸನ್ನು ಒಮ್ಮೆಗೆ ಅಡಗಿಸುತ್ತದೆ, ಬಿಟ್ಟ ಕೂಡಲೇ ಹತ್ತರಷ್ಟಾಗಿ ತಿರುಗಿ ಬರಬಹುದು. ಕೀವು ತುಂಬಿದ ಗುಳ್ಳೆಗಳಾಗಿ ಬರಬಹುದು, ನನ್ನ ಹಾಗೆ ಇಡೀ ಮೈ ಕೆಂಪಾಗಿಯೂ ಬರಬಹುದು. ಜೀವಕ್ಕೇ ಸಂಚಕಾರ.

ಅವತ್ತು ಮಂಚದ ಮೇಲೆ ಮಲಗಿ ನನ್ನ ವೃತ್ತಿಯನ್ನೇ ನೆನೆದೆ. ಬೋರ್ಡ್ ಇಲ್ಲದ ಬಸ್ಸು ಬಂದರೆ ಹಳ್ಳಿಯ ಅಜ್ಜಿ ಕೂಡ ಹತ್ತುವುದಿಲ್ಲ. "ಎಲ್ಲಿಗೆ ಹೋಗ್ತದಪ್ಪಾ? ನಮ್ಮೂರಾಗ ನಿಲ್ಲಸ್ತೀರೇನು?" ಅಂತ ಕೇಳಿ, ಎರಡು ಸಲ ಕೇಳಿ, ಆಮೇಲೆ ಕಾಲಿಡುತ್ತಾಳೆ. ನಾನು ಬಸ್ಸಿನ ಕಂಡಕ್ಟರಾಗಿದ್ದೂ ಬೋರ್ಡ್ ಇಲ್ಲದ ಔಷಧಿ ಹತ್ತಿದ್ದೆ. ಅದನ್ನು ತಟ್ಟನೆ ಬಿಟ್ಟು, ಓಡುವ ಬಸ್ಸಿನಿಂದ ಇಳಿದಿದ್ದೆ. ಬೋರ್ಡ್ ಇಲ್ಲದ ಬಸ್ ಹತ್ತಬ್ಯಾಡ್ರಿ. ಇದರ ಹೆಸರೇನು, ಇದು ನನ್ನನ್ನು ಎಲ್ಲಿಯವರೆಗೆ ಒಯ್ಯುತ್ತದೆ, ಇಳಿಯುವುದು ಹೇಗೆ? ಪುಡಿ ಕೊಡುವವರನ್ನಷ್ಟೇ ಅಲ್ಲ, ದೊಡ್ಡ ಆಸ್ಪತ್ರೆಯ ಡಾಕ್ಟರನ್ನೂ ಕೇಳಿ. ಮೆಡಿಕಲ್ ಶಾಪಿನಲ್ಲಿ ಗಜಕರ್ಣಕ್ಕೆಂದು ಕೊಡುವ ಟ್ಯೂಬಿನ ಬಗ್ಗೆಯೂ ಕೇಳಿ. ಅದರಲ್ಲೂ ಎಷ್ಟೋ ಸಲ ಜೋರಾದ ಸ್ಟೀರಾಯ್ಡ್ ಇರುತ್ತದೆ.

ಔಷಧಿಗಳನ್ನು ಹೇಗೆ ತೂಗುವುದು? ಮೊದಲು ನಿಮ್ಮ ಅಂಗೈ ನೋಡಿಕೊಳ್ಳಿ. ಬೆರಳು ಸಮೇತ ನಿಮ್ಮ ಅಂಗೈಯಗಲ ಅಂದರೆ ನಿಮ್ಮ ಮೈಯ ನೂರರಲ್ಲಿ ಸುಮಾರು ಒಂದು ಪಾಲು. ಅಂಥ ಎರಡು ಮೂರು ಅಂಗೈಯಷ್ಟು ಕಲೆ ಇದ್ದರೆ ಬಹುತೇಕ ಹಚ್ಚುವ ಔಷಧಿ ಸಾಕು. ಹತ್ತು ಅಂಗೈ ದಾಟಿದರೆ ಹಚ್ಚುತ್ತಾ ಕೂತರೆ ಮುಗಿಯುವುದಿಲ್ಲ. ಆದರೆ ಲೆಕ್ಕ ಇಷ್ಟೇ ಅಲ್ಲ. ನನಗೆ ಹೆಬ್ಬೆರಳಿನ ಕಲೆ ಬೆನ್ನಿನ ಕಲೆಗಿಂತ ದೊಡ್ಡದಾಗಿತ್ತು. ಅನ್ನ ಕೊಡುವ ಬೆರಳು ಅದು. ಅಂಗಾಲು ಸೀಳಿದ ರೈತನಿಗೆ, ಮುಖಕ್ಕೆ ಬಂದ ಹುಡುಗಿಗೆ, ಹೇಳಿಕೊಳ್ಳಲಾಗದ ಜಾಗದಲ್ಲಿ ಬಂದವರಿಗೆ ಒಂದು ಅಂಗೈಯೂ ಹೆಚ್ಚೇ. ಅದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಅವರಾಗಿಯೇ ತಿಳಿದುಕೊಳ್ಳಲಿ ಅಂತ ಬಿಡಬೇಡಿ.

ಹಚ್ಚುವುದರಲ್ಲಿ ಸ್ಟೀರಾಯ್ಡ್ ಮುಲಾಮು ಒಳ್ಳೆಯದೇ, ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. ಡಿ ಜೀವಸತ್ವದ ಬಳಗದ ಕ್ಯಾಲ್ಸಿಪೊಟ್ರಿಯಾಲ್ ಇದೆ, ಪದರು ಬಿಡಿಸುವ ಸ್ಯಾಲಿಸಿಲಿಕ್ ಆಸಿಡ್ ಇದೆ, ವಾಸನೆಯ ಕೋಲ್ ಟಾರ್ ಇದೆ. ಸ್ನಾನ ಮಾಡಿ ಮೈ ಹಸಿ ಇರುವಾಗಲೇ ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಹಚ್ಚಿ. ಇದಕ್ಕೆ ದೊಡ್ಡ ಖರ್ಚಿಲ್ಲ, ನಾನು 27 ವರ್ಷ ತಪ್ಪಿಸಿಲ್ಲ.

ಬೆಳಕಿನ ಚಿಕಿತ್ಸೆ ನನಗೆ ಬಹಳ ಹಿಡಿಸಿದ್ದು. ಯಂತ್ರದ ಮುಂದೆ ನಿಲ್ಲಿಸಿ 311 ನ್ಯಾನೊಮೀಟರಿನ ನೇರಳಾತೀತ ಬೆಳಕು ಬಿಡುತ್ತಾರೆ. ಆದರೆ ವಾರಕ್ಕೆ ಎರಡು ಮೂರು ಸಲ, ಎರಡು ಮೂರು ತಿಂಗಳು ಹೋಗಬೇಕು. ಯಲಬುರ್ಗಾದ ಹಳ್ಳಿಯ ಕೂಲಿಯವನು ಯಂತ್ರ ಇರುವ ಊರಿಗೆ ವಾರಕ್ಕೆ ಮೂರು ದಿನ ಬರುವುದು ಹೇಗೆ? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚು ತಪ್ಪಿದೆ, ಕೂಲಿ ಹೋಗುವುದು ತಪ್ಪಿಲ್ಲ. ಡಾಕ್ಟರು ಚೀಟಿ ಬರೆಯುವ ಮೊದಲು ಇದನ್ನೂ ಅವರ ಮುಂದೆ ಇಡಿ. ನಮ್ಮ ಬಿಸಿಲು ಸಾಲದೇ ಅಂತ ಕೇಳುತ್ತೀರಿ. ಎಳೆಬಿಸಿಲು ಒಳ್ಳೆಯದು. ಮೈ ಸುಡುವಷ್ಟು ನಿಂತರೆ ಸುಟ್ಟಲ್ಲೇ ಹೊಸ ಕಲೆ. ಹೆಗಲ ಪಟ್ಟಿಯ ಕತೆ ನೆನಪಿಡಿ.

ನುಂಗುವ ಔಷಧಿಯಲ್ಲಿ ನನಗೆ ಬದುಕು ತಿರುಗಿ ಕೊಟ್ಟದ್ದು ಮೆಥೊಟ್ರೆಕ್ಸೇಟ್. ಈ ಗುಳಿಗೆಯ ಬೇರು ನಮ್ಮ ನೆರೆಯಲ್ಲೇ ಇದೆ. ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಫೋಲಿಕ್ ಆಸಿಡ್ ಎಂಬ ಜೀವಸತ್ವದ ಮೇಲೆ ಕೆಲಸ ಮಾಡಿದರು. ಅದಕ್ಕೆ ಎದುರಾಗಿ ನಿಲ್ಲುವ ಔಷಧಿಗಳು ಅಲ್ಲಿಂದ ಬಂದವು. ಮೊದಲು ಬಳಸಿದ್ದು ರಕ್ತದ ಕ್ಯಾನ್ಸರಿಗೆ. ಅಂಥ ಒಂದು ಔಷಧಿಯನ್ನು ಕೀಲುರೋಗಿಗಳಿಗೆ ಕೊಟ್ಟಾಗ ಅವರ ಸೋರಿಯಾಸಿಸ್ಸೂ ಇಳಿಯಿತೆಂದು 1951ರಲ್ಲಿ ವೈದ್ಯರು ಬರೆದರು. ಸುಬ್ಬರಾವ್ 1948ರಲ್ಲೇ ತೀರಿಕೊಂಡಿದ್ದರು. ಗುಳಿಗೆ ನುಂಗುವಾಗ ಪ್ರತಿ ಸಲ ನಾನು ಆ ಪುಣ್ಯಾತ್ಮನನ್ನು ನೆನೆಯುತ್ತೇನೆ.

ಇದರ ಬೋರ್ಡು ಗಟ್ಟಿಯಾಗಿ ಓದಿ: ವಾರಕ್ಕೆ ಒಮ್ಮೆ. ವಾರಕ್ಕೆ ಒಮ್ಮೆ! ದಿನಾ ನುಂಗಿ ಸತ್ತವರಿದ್ದಾರೆ. ನಾನು ನಮ್ಮೂರ ಸಂತೆಯ ದಿನ ಇಟ್ಟುಕೊಂಡಿದ್ದೇನೆ, ಸಂತೆ ಮರೆಯುವುದಿಲ್ಲ, ಗುಳಿಗೆಯೂ ಮರೆಯುವುದಿಲ್ಲ. ಬೇರೆ ದಿನ ಡಾಕ್ಟರು ಹೇಳಿದಂತೆ ಫೋಲಿಕ್ ಆಸಿಡ್. ಲಿವರ್ ಮತ್ತು ರಕ್ತದ ಪರೀಕ್ಷೆ ತಪ್ಪಿಸುವಂತಿಲ್ಲ. ಸೆರೆ ಕುಡಿಯುವವರು ಬಿಡಬೇಕು. ಬಸುರಿಯರು, ಮಗು ಬೇಕೆನ್ನುವವರು ನುಂಗುವಂತಿಲ್ಲ, ಗಂಡಸರೂ ಮೊದಲೇ ಡಾಕ್ಟರಿಗೆ ಹೇಳಿ. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳೇ, ನಾಚಿಕೊಂಡು ಇದನ್ನು ಮುಚ್ಚಿಡಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ.

ಸಮಯವಾಯಿತೆಂದು ಚೀಟಿ ಬಂದಿದೆ. ಉಳಿದ ಔಷಧಿಗಳನ್ನು ಬೇಗ ಹೇಳುತ್ತೇನೆ. ಅಸಿಟ್ರೆಟಿನ್ ನುಂಗಿದ ಹೆಣ್ಣುಮಗಳು ಬಿಟ್ಟ ಮೇಲೂ ಮೂರು ವರ್ಷ ಬಸುರಾಗಬಾರದು. ಸೈಕ್ಲೋಸ್ಪೋರಿನ್‌ಗೆ ಬಿಪಿ, ಕಿಡ್ನಿ ನೋಡಬೇಕು. ಅಪ್ರೆಮಿಲಾಸ್ಟ್ ಮೊದಮೊದಲು ಹೊಟ್ಟೆ ಕೆಡಿಸುತ್ತದೆ. ರಕ್ಷಣಾ ವ್ಯವಸ್ಥೆಯ ಆ ತಪ್ಪನ್ನೇ ಹಿಡಿದು ತಡೆಯುವ ಬಯಾಲಜಿಕ್ ಇಂಜೆಕ್ಷನ್‌ಗಳು ಬಹಳ ಮಂದಿಗೆ ಚೆನ್ನಾಗಿ ಕೆಲಸ ಮಾಡುತ್ತವೆ. ಬೆಂಗಳೂರಿನ ಬಯೋಕಾನ್ ಕಂಪನಿ ಕೂಡ 2013ರಲ್ಲಿ ಇಟೊಲಿಜುಮ್ಯಾಬ್ ಎಂಬ ಇಂಥ ಇಂಜೆಕ್ಷನ್ ತಂದಿತು. ಆದರೆ ಖರ್ಚು ದೊಡ್ಡದು, ಮತ್ತು ಅಡಗಿದ ಟಿಬಿ ಇದೆಯೇ ಎಂದು ನೋಡದೆ ಚುಚ್ಚಿಸಿಕೊಳ್ಳಬಾರದು. ಮಲೇರಿಯಾ ಗುಳಿಗೆ, ಕೆಲವು ಬಿಪಿ ಗುಳಿಗೆ ನಮ್ಮ ರೋಗವನ್ನು ಕೆಣಕುತ್ತವೆ, ಯಾವ ಡಾಕ್ಟರ ಹತ್ತಿರ ಹೋದರೂ ಸೋರಿಯಾಸಿಸ್ ಇದೆ ಎಂದು ಮೊದಲು ಹೇಳಿ.

ಕೀಲಿನ ಬಗ್ಗೆ ಹದಿನೈದು ನಿಮಿಷ ಮಾತಾಡಬೇಕೆಂದು ಬರೆದುಕೊಂಡು ಬಂದಿದ್ದೆ. ಒಂದೇ ಮಾತು: ಬೆಳಗ್ಗೆ ಎದ್ದಾಗ ಬೆರಳೋ ಹಿಮ್ಮಡಿಯೋ ಅರ್ಧ ತಾಸಿಗಿಂತ ಹೆಚ್ಚು ಹೊತ್ತು ಬಿಗಿದಿದ್ದರೆ, ಒಂದು ಬೆರಳು ಇಡಿಯಾಗಿ ಊದಿದ್ದರೆ ತಡಮಾಡಬೇಡಿ. ಚರ್ಮ ಮತ್ತೆ ಬರುತ್ತದೆ, ಸವೆದ ಕೀಲು ಬರುವುದಿಲ್ಲ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಚರ್ಮರೋಗ ವಿಭಾಗದಲ್ಲಿ ತೋರಿಸಿ.

ಒಬ್ಬ ಹುಡುಗ ಚೀಟಿ ಕಳಿಸಿದ್ದಾನೆ, ಮದುವೆಯಾಗಬಹುದೇ ಅಂತ. ಆಗಪ್ಪ. ತಂದೆ ತಾಯಿಯರಲ್ಲಿ ಒಬ್ಬರಿಗೆ ಇದ್ದರೆ ಮಗುವಿಗೆ ಬರುವ ಸಂಭವ ನೂರಕ್ಕೆ ಹತ್ತರ ಆಸುಪಾಸು. ಹೆಣ್ಣಿನ ಮನೆಯವರಿಗೆ ಮುಂಚೆಯೇ ಹೇಳು, ತೋಳು ಮಡಚಿ ತೋರಿಸು. ನನ್ನ ಮಗಳ ಮದುವೆಯಲ್ಲಿ ಬೀಗರ ಮುಂದೆ ನಾನು ಹಾಗೇ ತೋರಿಸಿದೆ. "ನಮ್ಮ ಅಣ್ಣನಿಗೂ ಐತ್ರಿ" ಅಂದರು ಬೀಗರು. ಅಣ್ಣ ಅಲ್ಲೇ ಪಕ್ಕದಲ್ಲಿ ಕೂತಿದ್ದರು, ತುಂಬುತೋಳಿನ ಅಂಗಿಯಲ್ಲಿ.

ಹೊರಗೆ ಬೇವಿನ ಗಿಡದ ಕೆಳಗೆ ಕೂತಿರುತ್ತೇನೆ. ಚೀಲದಲ್ಲಿರುವ ಗುಳಿಗೆ, ಟ್ಯೂಬು, ಪುಡಿ ಎಲ್ಲ ತನ್ನಿ, ಹೆಸರು ಕೂಡಿ ಓದೋಣ. ಡಾಕ್ಟರೂ ಅರ್ಧ ತಾಸು ಇರುತ್ತಾರಂತೆ. ಕುಷ್ಟಗಿ ಕಡೆಯ ಬಸ್ಸಿಗೆ ಹೋಗಬೇಕಾದವರು ಮೊದಲು ಬನ್ನಿ.