ಕಡೀ ಬಂಡ್ಯಾಗ ಅಜ್ಜ ಯಾಕ ಕುಂತಾನ? ಹೇಳಿಕಿ ಲೆಕ್ಕ ಮತ್ತ ಕನಸು ಕಾಣೋ ಹುಡುಗ

ಎಲ್ಲಾರಿಗಿ ಶರಣು ಶರಣಾರ್ಥಿ ರಿ. ಇವತ್ತು ಶುರು ಮಾಡೋದು ಒಂದು ನೋಟ್‌ಬುಕ್ಕಿನ ಹಾಳಿಯಿಂದ. ಇಲ್ಲಿ ನೋಡ್ರಿ, ಸ್ವಲ್ಪ ಹತ್ರ ತೋರಸ್ತೀನಿ.

(ಸ್ಕ್ರೀನ್ ತುಂಬ ನೋಟ್‌ಬುಕ್ ಹಾಳಿ)

ಇದು ನಮ್ಮಕ್ಕನ ಮಗಂದು, ನಾಲ್ಕನೇತ್ತ ಓದ್ತಾನ, ಇಲ್ಲೇ ಕಲಬುರಗ್ಯಾಗ. ಮ್ಯಾಲ ಲೆಕ್ಕ ಬರ್ಕೊಂಡಾನ: ‘ಒಬ್ಬ ರೈತನ ಬಳಿ 48 ಚೀಲ ತೊಗರಿ ಇದೆ. ಒಂದು ಬಂಡಿಯಲ್ಲಿ ಒಂದು ಸಲಕ್ಕೆ 9 ಚೀಲ ಮಾತ್ರ ಹಿಡಿಯುತ್ತವೆ. ಎಲ್ಲಾ ಚೀಲಗಳನ್ನು ಮಾರುಕಟ್ಟೆಗೆ ಸಾಗಿಸಲು ಬಂಡಿ ಎಷ್ಟು ಸಲ ಹೋಗಬೇಕು?’ ಅದರ ಕೆಳಗ ಭಾಗಾಕಾರ ಇಲ್ಲ, ಒಂದು ಅಂಕಿ ಬಿ ಇಲ್ಲ. ಬಾಜೂಕ ಮಾರ್ಜಿನ್‌ನ್ಯಾಗ ಬಂಡಿ ಬರ್ದಾನ. ಎತ್ತಿನ ಕೋಡಿಗಿ ಗೊಂಡೆ ಕಟ್ಯಾನ, ಚೀಲದ ಬಾಯಿ ಹೊಲ್ದಿದ್ದು ಸೈತ ಸಣ್ಣ ಸಣ್ಣ ಗೀಟಿನ್ಯಾಗ ತೋರ್ಸ್ಯಾನ. ಒಟ್ಟು ಆರು ಬಂಡಿ. ಐದು ಬಂಡ್ಯಾಗ ತುಂಬ ಚೀಲ, ಆರನೇದ್ರಾಗ ಮೂರೇ ಚೀಲ, ಅದರ ಮ್ಯಾಲ ಪಟಗಾ ಸುತ್ಕೊಂಡು ಒಬ್ಬ ಅಜ್ಜ ಕುಂತಾನ. ಇಷ್ಟರ ಮ್ಯಾಲ ಕೆಂಪು ಪೆನ್ನಿಲೆ ಉದ್ದಕ ಒಂದು ಗೀಟು ಹೊಡ್ದು ‘ಚಿತ್ರ ಬೇಡ, ಲೆಕ್ಕ ಮಾಡು’ ಅಂತ ಬರ್ದಾರ.

ಅಕ್ಕ ಫೋನ್ ಮಾಡಿದ್ಲು. ‘ತಮ್ಮಾ, ಸಾಲಿಗಿ ಕರ್ಸಿದ್ರೋ, ಗಣಿತದ ಪಿರಿಯಡ್ ಬಂದ್ರ ಇವ ಕಿಡಕಿ ಹೊರಗ ನೋಡ್ಕೋತ ಕೂಡ್ತಾನಂತ, ಉಳಿದ ಪೋರಗೋಳು ಬರ್ದು ಮುಗ್ಸಿದ್ರೂ ಇವನ ಹಾಳಿ ಖಾಲಿ ಇರ್ತದಂತ, ತಲ್ಯಾಗ ಏನ್ ನಡ್ದಿರ್ತದೋ ಏನೋ, ನೀನರ ಕೇಳಿ ನೋಡು.’ ಕೇಳ್ದೆ. ಅಜ್ಜ ಅಲ್ಲಿ ಯಾಕ ಕುಂತಾನೋ ಅಂದೆ. ‘ಮಾಮಾ, ಕಡೀ ಬಂಡ್ಯಾಗ ಆರು ಚೀಲದ ಜಾಗ ಖಾಲಿ ಉಳೀತದಲ್ಲ, ಮತ್ತ ಅಜ್ಜ ನಡ್ಕೋತ ಯಾಕ ಹೋಗಬೇಕು?’ ಅಂದ.

ಆರು ಚೀಲದ ಜಾಗ ಅಂದ ನೋಡ್ರಿ. ಅಂದ್ರ 48ಕ್ಕ 9ರಿಂದ ಭಾಗಿಸಿ ಆಗ್ಯಾದ, ಮೂರು ಉಳೀತದ ಅಂತ ಗೊತ್ತಾಗ್ಯಾದ, ಆ ಮೂರಕ್ಕ ಇನ್ನೊಂದು ಖೇಪು ಬೇಕು ಅಂತ ಬಿ ಗೊತ್ತಾಗ್ಯಾದ, ಅದೂ ಸಾಲದಂತ ಆ ಖೇಪಿನ್ಯಾಗ ಎಷ್ಟು ಜಾಗ ಉಳೀತದ ಅನ್ನೋದನ್ನೂ ಲೆಕ್ಕ ಹಾಕಿ ಅದ್ರಾಗ ಅಜ್ಜಗ ಕುಂದ್ರಿಸ್ಯಾನ. ಉತ್ತರ ಆರು. ಬಾಜೂಕಿನ ಹುಡುಗ ‘ಭಾಗಲಬ್ಧ 5, ಶೇಷ 3’ ಅಂತ ಬರ್ದು ರೈಟ್ ತಗೊಂಡಾನ. ಶೇಷ 3 ಅಂದ್ರ ಏನ್ರಿ? ಮೂರು ಚೀಲ ತೊಗರಿ ಹೊಲದಾಗೇ ಬಿಟ್ಟು ಬಂದಂಗ. ವರ್ಷಪೂರ್ತಿ ದುಡ್ದು ಬೆಳ್ದಿದ್ದು ಯಾವ ರೈತ ಹಂಗ ಬಿಟ್ಟು ಬರ್ತಾನ?

ಅವತ್ತಿಂದ ನನ್ನ ತಲ್ಯಾಗ ಒಂದೇ ಪ್ರಶ್ನಿ ಕುಂತದ. ಹೇಳಿಕಿ ಲೆಕ್ಕ ಬಂದಾಗ ಕನಸು ಕಾಣೋ ಹುಡುಗ ಲೆಕ್ಕ ಬಿಟ್ಟು ಹೋಗಿರ್ತಾನೋ, ಲೆಕ್ಕದ ಒಳಗೇ ಹೋಗಿರ್ತಾನೋ?

ಹೇಳಿಕಿ ಲೆಕ್ಕ ಅಂದ್ರ ಎಲ್ಲಾರಿಗಿ ಗೊತ್ತಿದ್ದದ್ದೇ, ಬರೀ ಅಂಕಿ ಕೊಡದ ಒಂದು ಸಣ್ಣ ಕಥಿ ಹೇಳಿ ಕಡೀಕ ಎಷ್ಟು ಅಂತ ಕೇಳ್ತಾರ, ಕೂಡ್ಸಬೇಕೋ ಕಳಿಬೇಕೋ ಗುಣಿಸಬೇಕೋ ನಾವೇ ತಿಳ್ಕೋಬೇಕು. ಇಷ್ಟು ಸಾಕು, ಮುಂದ ಹೋಗಣ.

ನಮ್ಮ ಬಂಡಿ ಲೆಕ್ಕದ ಅಣ್ಣತಮ್ಮನಂಥ ಒಂದು ಲೆಕ್ಕ ಅಮೆರಿಕಾದಾಗ 1980ರ ದಶಕದ ಶುರುವಿನ್ಯಾಗ ದೇಶದ ಮಟ್ಟದ ಪರೀಕ್ಷಾದಾಗ 13 ವರ್ಷದ ಹುಡುಗರಿಗಿ ಕೊಟ್ಟಿದ್ರು. ಒಂದು ಮಿಲಿಟರಿ ಬಸ್ಸಿನ್ಯಾಗ 36 ಮಂದಿ ಸೈನಿಕರು ಹಿಡೀತಾರ, ಒಟ್ಟು 1128 ಮಂದಿ ಅದಾರ, ಎಷ್ಟು ಬಸ್ಸು ಬೇಕು? ನೂರಕ್ಕ 70 ಹುಡುಗ್ರು ಭಾಗಾಕಾರ ಸರಿ ಮಾಡಿದ್ರು, 31 ಬರ್ತದ, 12 ಉಳೀತದ. ಆದ್ರ ಸರಿ ಉತ್ತರ, 32 ಬಸ್ಸು, ಬರ್ದಿದ್ದು ನೂರಕ್ಕ 23 ಹುಡುಗ್ರು ಅಷ್ಟೇ. ನೂರಕ್ಕ 29 ಹುಡುಗ್ರು ‘31 ಬಸ್ಸು, ಶೇಷ 12’ ಅಂತ ಬರ್ದ್ರು. ಆ 12 ಮಂದಿ ರಸ್ತಾದ ಮ್ಯಾಲ ನಿಂತೇ ಉಳಿದ್ರು, ಯಾರ ಕಣ್ಣಿಗೂ ಕಾಣ್ಲಿಲ್ಲ. ಗಣಿತ ಬರ್ಲಿಲ್ಲ ಅಂತಲ್ಲ, ಬಸ್ಸು ಕಾಣ್ಲಿಲ್ಲ.

ಇದಕ್ಕಿಂತ ಹೆಚ್ಚಿಂದು ಇನ್ನೊಂದು ಅದ. ಫ್ರಾನ್ಸಿನ ಗ್ರೆನೋಬಲ್ ಊರಾಗ 1979–80ರ ಸುಮಾರಿಗಿ ಗಣಿತ ಕಲಸೋದ್ರ ಬಗ್ಗಿ ಕೆಲಸ ಮಾಡೋ ಒಂದು ತಂಡ 97 ಸಣ್ಣ ಹುಡುಗರಿಗಿ ಹಿಂಗ ಕೇಳ್ತು: ‘ಒಂದು ಹಡಗಿನ್ಯಾಗ 26 ಕುರಿ, 10 ಆಡು ಅವ. ಕ್ಯಾಪ್ಟನ್ ವಯಸ್ಸು ಎಷ್ಟು?’ 76 ಹುಡುಗ್ರು ಕೊಟ್ಟ ಅಂಕೀನೇ ಜೋಡ್ಸಿ ಉತ್ತರ ಬರ್ದ್ರು. 26ಕ್ಕ 10 ಕೂಡ್ಸು, 36 ವರ್ಷ, ಮುಗೀತು. ಕುರಿಗೂ ಕ್ಯಾಪ್ಟನ್ನಿಗೂ ಏನ್ ಸಂಬಂಧ ಅಂತ ಕೇಳಿದವ್ರು ಕಮ್ಮಿ. ಇದೇ ಲೆಕ್ಕ 2018ರಾಗ ಚೀನಾದ ನಾನ್‌ಚೋಂಗ್ ಅನ್ನೋ ಊರಾಗ ಐದನೇತ್ತ ಪರೀಕ್ಷಾದಾಗ ಬಂದು ದೊಡ್ಡ ಸುದ್ದಿ ಆಯ್ತು. ಅಲ್ಲಿ ಒಬ್ರು ಕುರಿ ಆಡಿಂದು ತೂಕ ಹಿಡ್ದು, ಅಷ್ಟು ಭಾರ ಸಾಗಿಸೋ ಹಡಗು ನಡಿಸ್ಬೇಕಂದ್ರ ಎಷ್ಟು ವರ್ಷ ಲೈಸೆನ್ಸ್ ಇರಬೇಕು ಅಂತ ನೋಡಿ, ಕ್ಯಾಪ್ಟನ್‌ಗ ಕಮ್ಮೀತ ಕಮ್ಮಿ 28 ಆಗಿರಬೇಕು ಅಂತ ತೆಗ್ದಿದ್ರು. ನನಗ ಆ ಉತ್ತರ ಭಾಳ ಸೇರ್ತು, ಯಾಕಂದ್ರ ಅವ್ರು ಹಡಗು ಹತ್ತಿ ನೋಡ್ಯಾರ.

ಆ 76 ಪೋರಗೋಳಿಗಿ ನಾನು ಏನೂ ಅನ್ನಲ್ಲ. ಅವ್ರು ಸಾಲ್ಯಾಗ ಕಲ್ಸಿದ್ದೇ ಮಾಡ್ಯಾರ. ನಾವು ಬಿ ಹಂಗೇ ಕಲಸ್ತೀವಿ, ‘ಒಟ್ಟು’ ಅಂತ ಬಂದ್ರ ಕೂಡ್ಸು, ‘ಉಳಿದ’ ಅಂತ ಬಂದ್ರ ಕಳಿ, ‘ಹಂಚಿ’ ಅಂದ್ರ ಭಾಗ್ಸು. ಈಗ ಇದು ನೋಡ್ರಿ: ರವಿ ಹತ್ರ 12 ಗೋಲಿ ಅವ, ಅದು ಸಲೀಮನ ಹತ್ರ ಇರೋದಕ್ಕಿಂತ 4 ಹೆಚ್ಚು, ಸಲೀಮನ ಹತ್ರ ಎಷ್ಟು? ‘ಹೆಚ್ಚು’ ಕಂಡ ಕೂಡ್ಲೇ ಕೂಡ್ಸಿದವ್ರು 16 ಅಂತಾರ. ಸಲೀಮನ ಕೈ ಬಿಚ್ಚಿ ನೋಡಿದವ್ರು 8 ಅಂತಾರ.

ಈಗ ನನಗ ಎಲ್ಲಕ್ಕಿಂತ ಸೇರೋ ಭಾಗ. ಇದಕ್ಕಾಗಿನೇ ಈ ವಿಡಿಯೋ ಮಾಡೀನಿ, ಸ್ವಲ್ಪ ಹೊತ್ತು ಹಿಡದ್ರೂ ಸಮಾಧಾನದಿಂದ ಕೇಳ್ರಿ.

(ಮಳಖೇಡ ಕೋಟಿ, ಹಿಂದ ಕಾಗಿಣಾ ಹೊಳಿ)

ಕಲಬುರಗಿಯಿಂದ ಸೇಡಂ ಕಡಿಗಿ ಹೊಂಟ್ರ ಮಳಖೇಡ ಬರ್ತದ. ಸಿಮೆಂಟ್ ಲಾರಿ ನಡುವ ಬಸ್ಸಿನ್ಯಾಗ ದಾಟಿ ಹೋಗ್ತೀವಿ, ಆದ್ರ ಅದು ಹಿಂದ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗ ಅಂದ ಕೂಡ್ಲೇ ನಮಗ ಕವಿರಾಜಮಾರ್ಗ ನೆಪ್ಪಾಗ್ತದ. ಅದೇ ರಾಜನ ಕಾಲದಾಗ, 850ರ ಸುಮಾರಿಗಿ, ಮಹಾವೀರಾಚಾರ್ಯ ಅನ್ನೋ ಜೈನ ಪಂಡಿತ ‘ಗಣಿತಸಾರಸಂಗ್ರಹ’ ಅಂತ ಸಂಸ್ಕೃತದಾಗ ಗಣಿತದ ಪುಸ್ತಕ ಬರ್ದ, ಪುಸ್ತಕದ ಶುರುವಿನ್ಯಾಗೇ ಅಮೋಘವರ್ಷನ ಹೊಗಳಿಕಿ ಅದ. ಆ ಪುಸ್ತಕ ತುಂಬ ಹೇಳಿಕಿ ಲೆಕ್ಕ. ಬರೀ ಲೆಕ್ಕಲ್ಲ, ಪದ್ಯದಾಗ ಲೆಕ್ಕ, ಕೇಳೋರು ಕಣ್ಣು ಮುಚ್ಕೊಂಡು ನೋಡಬೇಕು ಅನ್ನೋ ಹಂಗ.

ಅದ್ರಾಗಿನ ಮಾವಿನ ಹಣ್ಣಿನ ಲೆಕ್ಕ ಹೇಳ್ತೀನಿ. ಒಂದು ಗುಂಪು ಮಾವಿನ ಹಣ್ಣು ಅವ. ರಾಜ ಆರರಾಗ ಒಂದು ಪಾಲು ತಗೊಂಡ. ಉಳಿದದ್ರಾಗ ಐದರಾಗ ಒಂದು ಪಾಲು ರಾಣಿ ತಗೊಂಡ್ಲು. ಆಮ್ಯಾಲ ಮೂರು ಮಂದಿ ರಾಜಕುಮಾರರು, ಒಬ್ಬರ ಹಿಂದ ಒಬ್ರು, ಉಳಿದದ್ರಾಗ ನಾಲ್ಕರಾಗ ಒಂದು, ಮೂರರಾಗ ಒಂದು, ಅರ್ಧ ಅಂತ ತಗೊಂಡ್ರು. ಕಡೀಕ ಎಲ್ಲಾರಕಿಂತ ಸಣ್ಣ ಕೂಸಿಗಿ ಮೂರು ಹಣ್ಣು ಉಳಿದ್ವು. ಒಟ್ಟು ಎಷ್ಟು ಇದ್ವು ಹೇಳು ಜಾಣ ಅಂತ ಕೇಳ್ತಾನ.

ಇದ್ರಾಗ ಅಂಕಿ ಹೆಕ್ಕೋ ಹುಡುಗ ಏನ್ ಮಾಡ್ತಾನಂದ್ರ ಆರರಾಗ ಒಂದು, ಐದರಾಗ ಒಂದು, ನಾಲ್ಕರಾಗ, ಮೂರರಾಗ, ಅರ್ಧ, ಎಲ್ಲಾ ಸೀದಾ ಕೂಡಸ್ತಾನ. ಏನ್ ಬರ್ತದ? 20ರ ಮ್ಯಾಲ 29. ಒಂದು ಬುಟ್ಟಿ ಹಣ್ಣಿನ್ಯಾಗ ಒಂದೂವರೆ ಬುಟ್ಟಿ ಹತ್ತಿರ ಹಂಚಿ ಆಯ್ತು, ಕೂಸಿಗಿ ಎಲ್ಲಿಂದ ತರ್ತೀರಿ?

ನಮ್ಮ ಹುಡುಗನಿಗಿ ಒಂದು ಆದಿತ್ಯವಾರ ಮಳಖೇಡಕ್ಕ ಕರ್ಕೊಂಡು ಹೋದೆ. ಕೋಟಿ ಗ್ವಾಡಿ ನೆಳ್ಳಿಗಿ ಕುಂತು ಇದೇ ಲೆಕ್ಕ ಹೇಳ್ದೆ. ಪೆನ್ನೂ ಇಲ್ಲ, ಹಾಳೀನೂ ಇಲ್ಲ. ಅವ ಹೊಳಿ ಕಡಿಗಿ ನೋಡ್ಕೋತ ಕುಂತ, ಅದೇ ಕಿಡಕಿ ಹೊರಗಿನ ನೋಟ. ಭಾಳ ಹೊತ್ತು ಆಯ್ತು. ನಾನು ಬಾಯಿ ಮುಚ್ಕೊಂಡು ಕುಂತೆ, ಅದು ಸುಲಭ ಇರ್ಲಿಲ್ಲ ರಿ, ‘ಏನಾಯ್ತೋ, ಹೇಳು’ ಅನ್ಬೇಕು ಅಂತ ನಾಲಿಗಿ ತುದಿಗಿ ಬಂದಿತ್ತು. ಆಮ್ಯಾಲ ಅವ ಕೇಳ್ದ, ‘ಮಾಮಾ, ಕೂಸಿಗಿಂತ ಮೊದಲ ತಗೊಂಡವ ಅರ್ಧ ತಗೊಂಡ ಅಲ್ಲ? ಅಂದ್ರ ಅವನಿಗೂ ಮೂರೇ ಬಂದಾವ.’

ಅಲ್ಲಿಂದ ಅವ ಹಿಂದ ಹಿಂದ ನಡ್ಕೋತ ಹೋದ, ಸಿನಿಮಾ ಉಲ್ಟಾ ಓಡಿಸಿದಂಗ. ಕೂಸಿನ ಮೂರು, ಅರ್ಧ ತಗೊಂಡವನ ಮೂರು, ಆರು ಆಯ್ತು. ಈ ಆರು, ಮೂರರಾಗ ಒಂದು ಪಾಲು ಹೋದ ಮ್ಯಾಲ ಉಳಿದಿದ್ದು, ಅಂದ್ರ ಮೊದಲು ಒಂಬತ್ತಿದ್ವು, ಅವನೂ ಮೂರು ತಗೊಂಡಾನ. ಒಂಬತ್ತು ಉಳೀಬೇಕಂದ್ರ ಹಿಂದ ಹನ್ನೆರಡು, ಹಿರಿ ರಾಜಕುಮಾರ ಮೂರು. ಹನ್ನೆರಡು ಉಳೀಬೇಕಂದ್ರ ಹದಿನೈದು, ರಾಣಿ ಮೂರು. ಹದಿನೈದು ಉಳೀಬೇಕಂದ್ರ ಹದಿನೆಂಟು, ರಾಜ ಮೂರು. ಉತ್ತರ 18.

‘ಮಾಮಾ, ಎಲ್ಲಾರಿಗೂ ಮೂರ್ಮೂರೇ!’ ಅಂತ ಎದ್ದು ನಿಂತ.

ಇದು ಎಷ್ಟು ಚಂದ ಅದ ನೋಡ್ರಿ. ಕೇಳ್ಲಕ್ಕ ಆರರಾಗ ಒಂದು, ಐದರಾಗ ಒಂದು, ಅರ್ಧ, ಒಬ್ಬೊಬ್ಬರಿಗಿ ಒಂದೊಂದು ನಮೂನಿ, ಹಿಂದ ಬಂದವ ಹೆಚ್ಚು ಬಾಚ್ಕೊಂಡಂಗ ಕೇಳಸ್ತದ. ಒಳಗ ಹೋಗಿ ನೋಡಿದ್ರ ರಾಜನಿಗೂ ಮೂರು, ಮನ್ಯಾಗಿನ ಸಣ್ಣ ಕೂಸಿಗೂ ಮೂರು. ಮುಂದಿನವ್ರು ತಗೊಂಡು ಹೋದಂಗ ಗುಂಪು ಸಣ್ಣದಾಗ್ತದ, ಅದಕ್ಕ ಪಾಲು ದೊಡ್ಡದಾದ್ರೂ ಹಣ್ಣು ಅಷ್ಟೇ. ಮಹಾವೀರಾಚಾರ್ಯ ಬೇಕಂತಲೇ ಹಂಗ ಕಟ್ಯಾನ ಅಂತ ನನಗ ಅನಸ್ತದ. ಹನ್ನೊಂದೂವರೆ ನೂರು ವರ್ಷದ ಹಿಂದ ನಮ್ಮ ರಾಜ ಇದ್ದ ಕಾಲದಾಗ ಲೆಕ್ಕ ಬರೆಯೋರಿಗಿ ಕನಸು ಕಾಣೋ ಹುಡುಗ ಬೇಕಾಗಿದ್ದ. ಇವತ್ತು ಅಲ್ಲಿಂದ 40 ಕಿಲೋಮೀಟರ್ ದೂರದಾಗ ಅದೇ ಹುಡುಗನ ಹಾಳಿ ಮ್ಯಾಲ ಕೆಂಪು ಗೀಟು ಬೀಳ್ತದ. ನನಗ ಇದು ಹೊಟ್ಟ್ಯಾಗ ಸಂಕಟ ಆಗ್ತದ ರಿ.

ಟೈಮ್ ಭಾಳ ಆಗ್ಯಾದ, ಉಳಿದಿದ್ದು ಲಗೂ ಲಗೂ ಹೇಳ್ತೀನಿ.

ಎಲ್ಲಾ ಕನಸೂ ಲೆಕ್ಕಲ್ಲ, ಅದು ಖರೆ. ದೊಡ್ಡವರ ಮನಸ್ಸೇ ಎಚ್ಚರ ಇರೋ ಹೊತ್ತಿನ್ಯಾಗ ನೂರಕ್ಕ 47ರಷ್ಟು ಹೊತ್ತು ಮಾಡೋ ಕೆಲಸ ಬಿಟ್ಟು ಎತ್ಲಾಗೋ ಹೋಗಿರ್ತದ ಅಂತ 2010ರಾಗ ಹಾರ್ವರ್ಡಿನ ಒಂದು ಅಧ್ಯಯನದಾಗ ಬಂದದ, ಸಣ್ಣವ್ರಿಗಿ ಬೈಯ್ಯೋದು ಹ್ಯಾಂಗ? ಆದ್ರ ಮೂರನೇ ಸಾಲು ಓದೋದ್ರಾಗ ಮೊದಲನೇ ಸಾಲಿನ ಅಂಕಿ ಜಾರಿ ಹೋದ್ರ ಲೆಕ್ಕ ಆಗಲ್ಲ, ತಲ್ಯಾಗ ಒಂದೇ ಸಲಕ್ಕ ಹಿಡಿಯೋ ಜಾಗ ಎಲ್ಲಾರಿಗಿ ಕಮ್ಮೀನೇ ಇರ್ತದ. ಅದಕ್ಕ ಹುಡುಗ ಕಿಡಕಿ ಹೊರಗ ನೋಡ್ಲತ್ತಾನ ಅಂದ್ರ ‘ಲಕ್ಷ್ಯ ಎಲ್ಲದ?’ ಅನಬ್ಯಾಡ್ರಿ, ‘ಏನ್ ಕಾಣ್ಲತ್ತದ?’ ಅಂತ ಕೇಳ್ರಿ. ಬಂಡಿ, ಚೀಲ, ಅಜ್ಜ ಅಂದ್ರ ಅವ ಲೆಕ್ಕದ ಒಳಗೇ ಅದಾನ, ಬಿಡ್ರಿ. ಕ್ರಿಕೆಟ್ ಅಂದ್ರ ಲೆಕ್ಕ ಮತ್ತೊಮ್ಮಿ ಓದಸ್ರಿ. ಎಲ್ಲಾ ಪಾಠದಾಗೂ, ಮನ್ಯಾಗೂ, ಆಟದಾಗೂ ಹಂಗೇ ಇದ್ರ ಒಮ್ಮಿ ಡಾಕ್ಟರಿಗಿ ತೋರಸ್ರಿ, ಅದ್ರಾಗ ನಾಚ್ಕೊಳೋದು ಏನಿಲ್ಲ.

ಭಾಷಾ ಬಿ ಒಂದು ದೊಡ್ಡ ಕಲ್ಲು. ನಮ್ಮ ಕಡಿ ಮನ್ಯಾಗ ಉರ್ದು ಮಾತಾಡೋರು, ಬೀದರ್ ಕಡಿ ಮರಾಠಿ, ಸೇಡಂ ಯಾದಗಿರಿ ಕಡಿ ತೆಲುಗು, ತಾಂಡಾದ ಹುಡುಗ್ರದ್ದು ಲಂಬಾಣಿ, ಕನ್ನಡ ಮಾತಾಡೋರದ್ದೂ ಪುಸ್ತಕದ ಕನ್ನಡ ಅಲ್ಲ. ‘ಪ್ರತಿಯೊಬ್ಬರಿಗೂ ಸಮನಾಗಿ ಹಂಚಿದಾಗ’ ಅನ್ನೋದು ಎಷ್ಟೋ ಪೋರಗೋಳಿಗಿ ಮೊದಲ ಸಲ ಕೇಳಿದ ಮಾತು. ಗಣಿತ ಬರಲ್ಲ ಅಂತ ಬರ್ಯೋಕಿಂತ ಮೊದಲ ಅದೇ ಲೆಕ್ಕ ಮನಿ ಮಾತಿನ್ಯಾಗ ಒಮ್ಮಿ ಹೇಳಿ ನೋಡ್ರಿ.

ಸರ್‌ಗೋಳಿಗಿ, ಮೇಡಮ್‌ಗೋಳಿಗಿ ಕೈ ಮುಗ್ದು ಒಂದೇ ಮಾತು. ಒಂದು ದಿನ ಲೆಕ್ಕದಾಗಿನ ಅಂಕಿ ಕೈಲೆ ಮುಚ್ಚಿ ಬರೀ ಕಥಿ ಓದ್ರಿ, ಏನ್ ನಡೀಲತ್ತದ ಅಂತ ಕೇಳ್ರಿ, ಆಮ್ಯಾಲ ಅಂಕಿ ತೋರಸ್ರಿ. ಚಿತ್ರ ಬರ್ದ್ರ ಬರೀಲಿ, ಅದರ ಬಾಜೂಕ ಭಾಗಾಕಾರ ಬಿ ಬರಸ್ರಿ, ಎರಡೂ ಬೇಕು. ನಮ್ಮ ಹುಡುಗ ಈಗ ಹಂಗೇ ಮಾಡ್ಲತ್ತಾನ, ಎಡಕ್ಕ ಚಿತ್ರ, ಬಲಕ್ಕ ಅಂಕಿ. ಲೇಟ್ ಆಗ್ತದ, ಆಗ್ಲಿ.

ಹೋಗೋಕಿಂತ ಮೊದಲ ಅದೇ ಪುಸ್ತಕದ್ದು ಇನ್ನೊಂದು ಲೆಕ್ಕ ಕೊಡ್ತೀನಿ, ಮನ್ಯಾಗ ಎಲ್ಲಾರೂ ಕುಂತು ಮಾಡ್ರಿ. ವಸಂತದ ಒಂದು ರಾತ್ರಿ, ದೊಡ್ಡ ಮಹಲು, ಗಂಡ ಹೆಂಡ್ತಿ ಸರಸದಾಗ ಅವಳ ಮುತ್ತಿನ ಸರ ಹರೀತದ. ಮೂರರಾಗ ಒಂದು ಪಾಲು ದಾಸಿ ಕಡಿಗಿ ಹೋದ್ವು, ಆರರಾಗ ಒಂದು ಪಾಲು ಹಾಸಿಗಿ ಮ್ಯಾಲ ಬಿದ್ವು. ಉಳಿದದ್ರಾಗ ಅರ್ಧ, ಅದ್ರಾಗ ಉಳಿದದ್ರ ಅರ್ಧ, ಹಿಂಗ ಆರು ಸಲ ಅರ್ಧರ್ಧ ಎಲ್ಲಾ ಕಡಿ ಚೆಲ್ಲಿ ಹೋದ್ವು. ಇಷ್ಟೆಲ್ಲಾ ಹೋಗಿ ಇನ್ನೂ 1161 ಮುತ್ತು ಉಳಿದಾವ. ಸರದಾಗ ಮೊದಲ ಎಷ್ಟು ಇದ್ವು?

ಉತ್ತರ ನಾನು ಹೇಳಲ್ಲ. ಪೋರಗೋಳಿಗಿ ಕಿಡಕಿ ಬಾಜೂಕ ಕುಂದ್ರಸ್ರಿ, ಬರ್ದ ಚಿತ್ರ ನನಗ ಕಳಸ್ರಿ, ಆ ಮಹಲಿನ್ಯಾಗ ಯಾರ್ಯಾರು ಕುಂತಾರ ನೋಡಣ.