ಹೊಸದಾಗಿ ಖರ್ಚಾದದ್ದೆಷ್ಟು?

ಕೇಳುಗರೆಲ್ಲರಿಗೂ ನಮಸ್ಕಾರ.

ಸರ್ಕಾರವೊಂದು ಆರ್ಥಿಕ ಉತ್ತೇಜನ ಪ್ಯಾಕೇಜ್, ಅಂದರೆ ಖರ್ಚು ಹೆಚ್ಚಿಸಿ ವ್ಯಾಪಾರ ಚುರುಕಾಗಿಸಲು ಸುರಿಯುವ ಹಣ, ಘೋಷಿಸಿತು ಅಂದಕೂಡಲೇ ನಾವು ಕೇಳುವುದು ಒಂದೇ: ಎಷ್ಟು ಕೋಟಿ? ಆ ಪ್ರಶ್ನೆ ಬಿಡಿ. ಈ ಹಣ ಬರದಿದ್ದರೆ ಆಗದೇ ಹೋಗುತ್ತಿದ್ದ ಖರ್ಚು ಎಷ್ಟು, ಅದನ್ನು ಕೇಳಿ. ಹೊಸದಾಗಿ ಖರ್ಚಾದದ್ದೆಷ್ಟು?

ಜಪಾನನ್ನೇ ನೋಡಿ. 1989ರ ಕೊನೆಗೆ ಅಲ್ಲಿಯ ಷೇರುಪೇಟೆ ತುತ್ತತುದಿಯಲ್ಲಿತ್ತು. ಆಮೇಲೆ ಷೇರು ಕುಸಿಯಿತು, ಭೂಮಿಯ ಬೆಲೆ ಕುಸಿಯಿತು, ಜನ ಕೈ ಬಿಗಿಹಿಡಿದರು. ಸರ್ಕಾರ ಪ್ಯಾಕೇಜಿನ ಮೇಲೆ ಪ್ಯಾಕೇಜ್ ತಂದಿತು. ನಗದು ಕೊಟ್ಟರೆ ಜನ ಬ್ಯಾಂಕಿನಲ್ಲಿ ಇಟ್ಟುಬಿಡುತ್ತಾರೆ ಎಂಬ ಯೋಚನೆಯಿಂದ 1999ರಲ್ಲಿ ಕೂಪನ್ ಹಂಚಿದರು. ಮಗುವೊಂದಕ್ಕೆ 20,000 ಯೆನ್, ಕೆಲವು ವೃದ್ಧರಿಗೂ ಅಷ್ಟೇ. ಸಾವಿರ ಯೆನ್ನಿನ ಇಪ್ಪತ್ತು ಚೀಟಿಗಳು. ಆರು ತಿಂಗಳೊಳಗೆ ಮುಗಿಸಬೇಕು, ತಮ್ಮ ಊರಿನ ಅಂಗಡಿಯಲ್ಲೇ ಕೊಡಬೇಕು, ಚಿಲ್ಲರೆ ವಾಪಸ್ ಇಲ್ಲ. ಎಷ್ಟು ಅಚ್ಚುಕಟ್ಟಾದ ಏರ್ಪಾಡು ನೋಡಿ! ಉಳಿಸಲು ದಾರಿಯೇ ಇಲ್ಲ ಅನಿಸುತ್ತದೆ.

ದಾರಿ ಇತ್ತು. ಒಬ್ಬ ತಾಯಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮಗ ಬೆಳೆಯುತ್ತಿದ್ದಾನೆ, ಹಳೆಯ ಶೂ ಹಿಡಿಯುತ್ತಿಲ್ಲ. ಕೂಪನ್ ಕೊಟ್ಟು ಹೊಸ ಶೂ ತಂದಳು. ಅಂಗಡಿಯಲ್ಲಿ ವ್ಯಾಪಾರ ಆಯಿತು, ಸರ್ಕಾರದ ಲೆಕ್ಕದಲ್ಲಿ ಚೀಟಿ ಖರ್ಚಾಯಿತು. ಆದರೆ ಆ ಶೂ ಅವಳು ಹೇಗೂ ಕೊಳ್ಳುವವಳೇ! ಅದಕ್ಕೆಂದು ತೆಗೆದಿಟ್ಟಿದ್ದ ನಗದು ಹಾಗೇ ಉಳಿಯಿತು, ನೇರವಾಗಿ ಬ್ಯಾಂಕಿಗೆ ಹೋಯಿತು. ತಾಯಿ ತಪ್ಪು ಮಾಡಲಿಲ್ಲ, ಜಾಣತನದಿಂದ ಸಂಸಾರ ನಡೆಸಿದಳು. ತಪ್ಪುವುದು ಲೆಕ್ಕ. ಕೂಪನ್ ಮುಗಿಯಿತೇ ಎಂದು ನೋಡಿದರೆ ಸಾಲದು, ಹೊಸದಾಗಿ ಖರ್ಚಾದದ್ದೆಷ್ಟು ಎಂದು ನೋಡಬೇಕು. ಅರ್ಥಶಾಸ್ತ್ರಜ್ಞರು ಆಮೇಲೆ ಕೂತು ನೋಡಿದಾಗ ಸಿಕ್ಕಿದ ಹೊಸ ಖರ್ಚು ಸಣ್ಣ ಪಾಲು ಮಾತ್ರ.

ಕೂಪನ್ ಕಥೆಯೇ ಬಹಳ ಹೊತ್ತು ತೆಗೆದುಕೊಂಡಿತು. ಅದೇ ಪ್ಯಾಕೇಜುಗಳ ಹಣದಲ್ಲಿ ಕಟ್ಟಿದ ರಸ್ತೆ, ಸೇತುವೆಗಳ ಮಾತು ಚುಟುಕಾಗಿ ಹೇಳುತ್ತೇನೆ. ಜನ ಬಿಟ್ಟುಹೋಗುತ್ತಿದ್ದ ಹಳ್ಳಿಗಳ ಕಡೆಗೂ ಕಾಂಕ್ರೀಟ್ ಸುರಿದರು. ಕಟ್ಟುವಷ್ಟು ದಿನ ಕೂಲಿ ಸಿಕ್ಕಿತು, ನಿಜ. ಕಟ್ಟಿದ ಮೇಲೆ ಓಡಾಡುವವರು ಬೇಡವೇ?

ಇಷ್ಟಾದರೂ 2009ರಲ್ಲಿ ಮತ್ತೆ ಹಂಚಿದರು, ಈ ಸಲ ನಗದನ್ನೇ, ತಲೆಗೆ 12,000 ಯೆನ್. ಮಕ್ಕಳಿಗೆ, ವೃದ್ಧರಿಗೆ 20,000. ಮತ್ತೆ ಅದೇ ಪ್ರಶ್ನೆ, ಹೊಸದಾಗಿ ಖರ್ಚಾದದ್ದೆಷ್ಟು?

ಈ ಪ್ಯಾಕೇಜುಗಳ ಹಣದಲ್ಲಿ ಬಹುಪಾಲು ಸಾಲ ತಂದದ್ದು. ಜಪಾನ್ ಸರ್ಕಾರದ ಸಾಲ ಇವತ್ತು ಆ ದೇಶದ ಇಡೀ ವರ್ಷದ ಉತ್ಪನ್ನದ ಎರಡು ಪಟ್ಟಿಗಿಂತ ಹೆಚ್ಚಿದೆ. 1999ರಲ್ಲಿ ಕೂಪನ್ನಿನ ಶೂ ಹಾಕಿಕೊಂಡು ಶಾಲೆಗೆ ಹೋದ ಮಕ್ಕಳಿಗೆ ಈಗ ಮೂವತ್ತು ದಾಟಿದೆ. ಆ ಸಾಲದ ಬಡ್ಡಿಗೆ ತೆರಿಗೆ ಕಟ್ಟುತ್ತಿರುವವರು ಅವರೇ.

ನಮಸ್ಕಾರ.